ಖಾಲಿ ಚೀಲದ ತೂಕ ಎಷ್ಟು? ಕದಿಯಬಾರದು, ಸುಳ್ಳು ಹೇಳಬಾರದು ಎಂಬ ಕಟ್ಟಳೆಗಳು ಮತ್ತು ನಮ್ಮ ತೋಟ

ಸಿದ್ದಾಪುರ ತೋಟದಮನೆ:

ಎಲ್ಲರಿಗೂ ನಮಸ್ಕಾರ. ಎರಡು ವಾರದಿಂದ ಒಂದು ವಿಷಯ ತಲೆ ತಿನ್ನುತ್ತಿದೆ. ಮನೆಯಲ್ಲಿ ಹೇಳಿದರೆ "ಇಷ್ಟು ಸಣ್ಣದಕ್ಕೆ ಯಾಕೆ ಇಷ್ಟು ಯೋಚನೆ" ಅಂತಾರೆ. ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಕೊಡಗಿನ ಸಿದ್ದಾಪುರದ ಹತ್ತಿರ ಒಂಬತ್ತು ಎಕರೆ ರೋಬಸ್ಟಾ ಕಾಫಿ ತೋಟ. ಕುಯ್ಲಿಗೆ ಆರು ಜನ ಬರುತ್ತಾರೆ. ನಾಲ್ವರು ಅಸ್ಸಾಮಿನವರು, ಇಬ್ಬರು ಇಲ್ಲೇ ತೋಟದ ಕೂಲಿಯವರ ಸಾಲುಮನೆಯ, ಅಂದರೆ ಲೈನ್‌ಮನೆಯವರು. ಹಣ್ಣಿಗೆ ಕೆಜಿ ಲೆಕ್ಕದಲ್ಲಿ ಕೂಲಿ. ಸಂಜೆ ಚೀಲ ತೂಗುತ್ತೇವೆ. ಚೀಲದ ತೂಕ ಅಂತ ಒಂದು ಕೆಜಿ ಕಳೆದು ಪುಸ್ತಕದಲ್ಲಿ ಬರೆಯುತ್ತೇವೆ. ಮಾವನ ಕಾಲದಿಂದಲೂ ಹೀಗೇ. ಆಗ ಇದ್ದದ್ದು ಗೋಣಿಚೀಲ. ಅದು ಹೆಚ್ಚುಕಡಿಮೆ ಒಂದು ಕೆಜಿ ಬರುತ್ತಿತ್ತು. ಲೆಕ್ಕ ಸರಿಯಾಗೇ ಇತ್ತು.

ನಾಲ್ಕು ವರ್ಷದ ಹಿಂದೆ ಗೋಣಿ ಬಿಟ್ಟು ಪ್ಲಾಸ್ಟಿಕ್ ಚೀಲ ತಂದೆವು. ಕಳೆಯುವ ಒಂದು ಕೆಜಿ ಮಾತ್ರ ಹಾಗೇ ಉಳಿಯಿತು. ಈ ಸಲ ಹೊಸ ಡಿಜಿಟಲ್ ತಕ್ಕಡಿ ಬಂತು. ಸರಿ ತೋರಿಸ್ತದಾ ನೋಡೋಣ ಅಂತ ಖಾಲಿ ಚೀಲ ಒಂದನ್ನು ಕೊಕ್ಕೆಗೆ ಹಾಕಿದೆ. ನೂರು ಗ್ರಾಂ.

ಇನ್ನೊಂದು ಮಾತು ಹೇಳಲೇಬೇಕು. ಎರಡು ವರ್ಷದ ಹಿಂದೆ ಲೈನ್‌ಮನೆಯ ಹೆಂಗಸೊಬ್ಬಳು ತೂಕದ ಹೊತ್ತಿಗೆ ಕೇಳಿದ್ದಳು, "ಅಕ್ಕಾ, ಈ ಚೀಲ ಒಂದು ಕೆಜಿ ಬರ್ತದಾ?" ನಾನು ತಲೆ ಎತ್ತದೆ "ಹಣ್ಣಿನ ನೀರು ಕುಡಿದು ಭಾರ ಆಗ್ತದೆ" ಅಂದೆ. ತೂಗಿ ನೋಡಿರಲಿಲ್ಲ. ಬಾಯಿಗೆ ಬಂದದ್ದು ಹೇಳಿದೆ. ಅವಳು ಮತ್ತೆ ಯಾವತ್ತೂ ಕೇಳಲಿಲ್ಲ.

ನಾನು ಭಾನುವಾರ ಚರ್ಚಿನಲ್ಲಿ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುತ್ತೇನೆ. ಈ ತಿಂಗಳು ಹತ್ತು ಕಟ್ಟಳೆಗಳು. ಏಳನೆಯದು ಕದಿಯಬಾರದು, ಎಂಟನೆಯದು ಸುಳ್ಳುಸಾಕ್ಷಿ ಹೇಳಬಾರದು. ಪೆನ್ಸಿಲ್ ಕದಿಯುವ ಉದಾಹರಣೆ ಕೊಡುತ್ತಾ ನಿಂತಿದ್ದಾಗ ಗಂಟಲು ಕಟ್ಟಿತು. ಪಾಪನಿವೇದನೆ ಮಾಡಿದ್ದೇನೆ. ಫಾದರ್ "ಕೊಡಬೇಕಾದ್ದು ಕೊಟ್ಟುಬಿಡಮ್ಮ" ಅಂದರು. ಆದರೆ ಹೇಗೆ? ಎಷ್ಟು? ಗೊತ್ತಿಲ್ಲದೆ ಆದದ್ದೂ ಕಳ್ಳತನವೇ?

ವಿರಾಜಪೇಟೆ ಮೇಷ್ಟ್ರು:

ಮೊದಲು ಒಂದು ಸಣ್ಣ ಮಾತು. ನಾನು ಪ್ರೊಟೆಸ್ಟಂಟರ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಸಭೆಯವನು. ನಮ್ಮ ಎಣಿಕೆಯಲ್ಲಿ ಇವು ಎಂಟು ಮತ್ತು ಒಂಬತ್ತು. ನಿಮ್ಮ ಕಥೋಲಿಕ ಎಣಿಕೆಯಲ್ಲಿ ಏಳು, ಎಂಟು. ಬೈಬಲಿನ ವಿಮೋಚನಕಾಂಡ 20ನೇ ಅಧ್ಯಾಯದ ಅದೇ ಮಾತುಗಳು. ಎಣಿಸುವ ರೀತಿ ಮಾತ್ರ ಬೇರೆ. ಓದುವವರಿಗೆ ಗೊಂದಲ ಆಗಬಾರದು ಅಂತ ಹೇಳಿದೆ.

ಈಗ ನಿಮ್ಮ ಪ್ರಶ್ನೆ. ಯೋಸೇಫನ ಅಣ್ಣಂದಿರ ಕಥೆ ನೆನಪಿಸಿಕೊಳ್ಳಿ. ಆದಿಕಾಂಡ 43. ಧಾನ್ಯ ಕೊಂಡು ಊರಿಗೆ ಬಂದು ನೋಡಿದರೆ ಕೊಟ್ಟ ಹಣ ಚೀಲದ ಬಾಯಲ್ಲೇ ಇದೆ. ಅವರು ಕದ್ದದ್ದಲ್ಲ. ಹೇಗೆ ಬಂತು ಅಂತ ಅವರಿಗೇ ತಿಳಿಯದು. ಆದರೂ ಯಾಕೋಬ ಏನು ಹೇಳಿದ? ಏನೋ ತಪ್ಪಾಗಿ ಬಂದಿರಬಹುದು, ಎರಡರಷ್ಟು ಹಣ ತೆಗೆದುಕೊಂಡು ಹೋಗಿ ಅಂದ. ಗೊತ್ತಿಲ್ಲದೆ ನಮ್ಮ ಚೀಲಕ್ಕೆ ಬಂದದ್ದು ಕೂಡ ನಮ್ಮದಲ್ಲ. ಆ ನಾಲ್ಕು ವರ್ಷವನ್ನು ನಾನು ಕಳ್ಳತನ ಅನ್ನುವುದಿಲ್ಲ, ತಪ್ಪು ಲೆಕ್ಕ ಅನ್ನುತ್ತೇನೆ. ಆದರೆ ಹಣ ಅವರದ್ದು.

ಬೇಜಾರು ಮಾಡಿಕೊಳ್ಳಬೇಡಿ ತಂಗಿ, ಒಂದು ಕೇಳುತ್ತೇನೆ. ಖಾಲಿ ಚೀಲ ತೂಗಿ ಎರಡು ವಾರ ಆಯ್ತು ಅಂದಿರಿ. ಈ ಎರಡು ವಾರ ಎಷ್ಟು ಕಳೆದಿರಿ?

ಸಿದ್ದಾಪುರ ತೋಟದಮನೆ:

ಒಂದು ಕೆಜಿಯೇ, ಮೇಷ್ಟ್ರೇ. ಸೀಸನ್ ಮಧ್ಯದಲ್ಲಿ ಬದಲಾಯಿಸಿದರೆ ಯಾಕೆ ಅಂತ ಕೇಳ್ತಾರೆ ಅನ್ನೋ ಹೆದರಿಕೆ. ಈ ಸೀಸನ್ ಮುಗಿಸಿ ಮುಂದಿನ ವರ್ಷದಿಂದ ಸರಿ ಮಾಡೋಣ ಅಂದುಕೊಂಡಿದ್ದೆ. ನೀವು ಕೇಳಿದ ಮೇಲೆ ಓದಿ ಸುಮ್ನೆ ಕೂತುಬಿಟ್ಟೆ.

ಈ ಸಂಜೆಯಿಂದ ನೂರು ಗ್ರಾಂ ಮಾತ್ರ.

ಚೆಕ್‌ರೋಲ್ ರೈಟರ್:

ನಾನು ಇಪ್ಪತ್ತು ವರ್ಷದಿಂದ ಎಸ್ಟೇಟಿನಲ್ಲಿ ರೈಟರ್, ಅಂದರೆ ಹಾಜರಿ, ಕೂಲಿಯ ಲೆಕ್ಕ ಬರೆಯುವವನು. ಅಕ್ಕಾ, ಈ ಒಂದು ಕೆಜಿ ನಿಮ್ಮಲ್ಲಿ ಮಾತ್ರ ಅಲ್ಲ. ಕೆಲವು ಕಡೆ ಎರಡು ಕೆಜಿ ಕಳೆಯುವುದನ್ನೂ ನೋಡಿದ್ದೇನೆ. ಕೇಳಿದರೆ ಒಂದು ಉತ್ತರ ಸಿದ್ಧ ಇರುತ್ತದೆ. "ಅವರು ಚೀಲದ ಅಡಿಗೆ ಕಲ್ಲು ಹಾಕ್ತಾರೆ, ಎಲೆ ತುಂಬ್ತಾರೆ, ಅದಕ್ಕೆ ಇದು ಸಮ." ಕಲ್ಲು ಹಾಕುವವರು ಇದ್ದಾರೆ, ಸುಳ್ಳಲ್ಲ. ನಾನೇ ಹಿಡಿದಿದ್ದೇನೆ. ಹಾಗಿದ್ದರೆ ಆ ಚೀಲ ಕಣದಲ್ಲಿ ಸುರಿದು ತೋರಿಸಿ. ಒಬ್ಬ ಹಾಕಿದ ಕಲ್ಲಿಗೆ ಉಳಿದ ಹತ್ತು ಜನರ ಕೂಲಿ ಯಾಕೆ ಕಳೆಯಬೇಕು?

ಬೇರೆಯವರ ತಪ್ಪು ಹೇಳಿ ನನ್ನದು ಮುಚ್ಚಿಡೋದು ಸರಿಯಲ್ಲ. ಹಿಂದೆ ಒಂದು ಸೀಸನ್ನಿನಲ್ಲಿ ನಾನೂ ಮೇಸ್ತ್ರಿಯೂ ಸೇರಿ ಆ ದಿನ ಕೆಲಸಕ್ಕೆ ಬರದೇ ಇದ್ದವರ ಹೆಸರು ಹಾಜರಿ ಪುಸ್ತಕವಾದ ಚೆಕ್‌ರೋಲಿನಲ್ಲಿ ಬರೆದಿದ್ದೆವು. ವಾರಕ್ಕೆ ಎರಡು ಹೆಸರು, ಮೂರು ಹೆಸರು. ಬಂದ ಹಣ ಹಂಚಿಕೊಂಡೆವು. ಅದು ಕಳ್ಳತನ ಅಂತ ಗೊತ್ತಿತ್ತು. ಆದರೆ ನನ್ನನ್ನು ಜಾಸ್ತಿ ಕಾಡಿದ್ದು ಬರೆಯುವ ಹೊತ್ತು. ಇಲ್ಲದ ಮನುಷ್ಯನ ಮುಂದೆ "ಹಾಜರಿ" ಹಾಕುವಾಗ ಕೈ ನಿಲ್ಲುತ್ತಿತ್ತು. ಅಲ್ಲಿ ಎರಡು ಕಟ್ಟಳೆಯೂ ಒಂದೇ ಗೀಟಿನಲ್ಲಿ ಮುರಿಯುತ್ತದೆ. ಕದ್ದದ್ದನ್ನು ಮುಚ್ಚೋಕೆ ಸುಳ್ಳು ಬೇಕೇ ಬೇಕು. ನಾನು ನೋಡಿದ ಯಾವ ಕಳ್ಳತನವೂ ಸುಳ್ಳಿನ ಸಹಾಯ ಇಲ್ಲದೆ ಒಂದು ವಾರ ಬದುಕಿಲ್ಲ.

ಎರಡು ವರ್ಷ ಆದ ಮೇಲೆ ಧಣಿಗಳ ಹತ್ತಿರ ಹೋಗಿ ಹೇಳಿದೆ. ಎಂಟು ತಿಂಗಳು ಸಂಬಳದಲ್ಲಿ ಹಿಡಿದರು. ಕೆಲಸದಿಂದ ತೆಗೆಯಲಿಲ್ಲ. ಇವತ್ತಿಗೂ ಗೋಡೌನಿನ ಬೀಗದ ಕೈ ನನ್ನ ಹತ್ತಿರ ಕೊಡುವುದಿಲ್ಲ. ಅದು ಅವರ ಹಕ್ಕು.

ಲೆಕ್ಕ ನಾನು ಹಾಕಿಕೊಡ್ತೇನೆ. ಒಬ್ಬರು ದಿನಕ್ಕೆ ಎಷ್ಟು ಚೀಲ, ಎಷ್ಟು ದಿನ, ಕೆಜಿಗೆ ಎಷ್ಟು ಅಂತ ಹೇಳಿ.

ಸಿದ್ದಾಪುರ ತೋಟದಮನೆ:

ದಿನಕ್ಕೆ ಎರಡು ಚೀಲ. ಸೀಸನ್ನಿಗೆ ಇಪ್ಪತ್ತೈದು ದಿನ. ಈಗ ಕೆಜಿಗೆ ಐದು ರೂಪಾಯಿ. ಮೊದಲು ಕಡಿಮೆ ಇತ್ತು. ನಾಲ್ಕೂ ಸೀಸನ್ ಅದೇ ಆರು ಜನ.

ಚೆಕ್‌ರೋಲ್ ರೈಟರ್:

ಚೀಲಕ್ಕೆ 900 ಗ್ರಾಂ ಜಾಸ್ತಿ ಕಳೆದಿದ್ದೀರಿ. ಎರಡು ಚೀಲಕ್ಕೆ 1.8 ಕೆಜಿ. ಐದರ ಲೆಕ್ಕದಲ್ಲಿ ದಿನಕ್ಕೆ 9 ರೂಪಾಯಿ. ಸೀಸನ್ನಿಗೆ 225. ನಾಲ್ಕು ಸೀಸನ್ನಿಗೆ ಒಬ್ಬರಿಗೆ 900 ರೂಪಾಯಿ. ಆರು ಜನಕ್ಕೆ 5,400. ಹಳೆಯ ವರ್ಷಕ್ಕೂ ಈಗಿನ ದರವೇ ಹಿಡಿದಿದ್ದೇನೆ. ತಪ್ಪು ನಮ್ಮದಾದಾಗ ಹೆಚ್ಚಿನ ದರ ಹಿಡಿಯೋದೇ ಮರ್ಯಾದೆ.

ವಿರಾಜಪೇಟೆ ಮೇಷ್ಟ್ರು:

ಇದಕ್ಕೆ ಅರಣ್ಯಕಾಂಡ 5ರಲ್ಲಿ ಲೆಕ್ಕವೇ ಇದೆ. ತಪ್ಪು ಒಪ್ಪಿಕೊಳ್ಳಬೇಕು, ಪೂರ್ತಿ ಮೊತ್ತ ಕೊಡಬೇಕು, ಅದರ ಐದನೇ ಒಂದು ಪಾಲು ಕೂಡಿಸಿ ಕೊಡಬೇಕು. 900ಕ್ಕೆ 180. ಒಬ್ಬರಿಗೆ 1,080. ತೆರಿಗೆ ವಸೂಲಿಯ ಜಕ್ಕಾಯ, ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆ ಅಂದ, ಲೂಕ 19. ಅದು ಅವನ ಮನಸ್ಸು ತುಂಬಿ ಬಂದ ಮಾತು. ನಿಮ್ಮ ಮೇಲೆ ಅದನ್ನು ಹೇರುವುದಿಲ್ಲ. ಆದರೆ ಆ ಐದನೇ ಪಾಲು ಬಿಡಬೇಡಿ. ಇಷ್ಟು ದಿನ ಅವರ ಹಣ ನಿಮ್ಮಲ್ಲಿ ಕೂತಿತ್ತು ಅಲ್ವಾ?

ಯಾಜಕಕಾಂಡ 19 ಒಮ್ಮೆ ಓದಿ. ಕದಿಯಬಾರದು, ಸುಳ್ಳಾಡಬಾರದು ಅಂತ 11ನೇ ವಚನ. ಕೂಲಿಯವನ ಕೂಲಿ ಮರುದಿನದ ತನಕ ಇಟ್ಟುಕೊಳ್ಳಬಾರದು ಅಂತ 13. ಆಮೇಲೆ 35, 36ರಲ್ಲಿ ತಕ್ಕಡಿ, ತೂಕದ ಕಲ್ಲು, ಅಳತೆ ಸರಿಯಾಗಿರಬೇಕು ಅಂತ. ನಿಮ್ಮ ಕಣದಲ್ಲಿ ನಿಂತು ಬರೆದ ಹಾಗಿದೆ.

ಪೊನ್ನಂಪೇಟೆ ಗದ್ದೆಮನೆ:

ನಾನು ನಿಮ್ಮ ಧರ್ಮದವನಲ್ಲ. ಆದರೆ ಈ ಮಾತು ಎಲ್ಲರ ಮನೆಗೂ ಸೇರಿದ್ದು, ಅದಕ್ಕೆ ಬರೆಯುತ್ತಿದ್ದೇನೆ. ನನ್ನದೊಂದು ಪ್ರಶ್ನೆ. ನಮ್ಮ ತೋಟದೊಳಗೆ ಆದಿವಾಸಿಗಳ ಹಾಡಿಯಿಂದ ಹೆಂಗಸರು ಬಂದು ಒಣಗಿದ ಕೊಂಬೆ ಕಟ್ಟಿಕೊಂಡು ಹೋಗುತ್ತಾರೆ. ಮಳೆ ಶುರುವಾಗುವ ಹೊತ್ತಿಗೆ ಹಲಸಿನ ಹಣ್ಣು ಬೀಳುತ್ತದೆ, ತೆಗೆದುಕೊಂಡು ಹೋಗುತ್ತಾರೆ. ಅಜ್ಜ ಏನೂ ಹೇಳುತ್ತಿರಲಿಲ್ಲ. ಈಗ ಪಕ್ಕದ ತೋಟದವರು ಬೇಲಿ ಹಾಕಿ "ಕಳ್ಳರು" ಅಂತ ಕೂಗುತ್ತಾರೆ. ಇದು ಕಳ್ಳತನವಾ? ಬಿದ್ದ ಹಲಸು ಕೊಳೆತು ಆನೆ ಬರುವುದಕ್ಕಿಂತ ಯಾರಾದರೂ ತಿನ್ನಲಿ ಅಂತ ನನಗನಿಸುತ್ತದೆ.

ವಿರಾಜಪೇಟೆ ಮೇಷ್ಟ್ರು:

ಒಳ್ಳೆಯ ಪ್ರಶ್ನೆ ಸರ್. ಧರ್ಮೋಪದೇಶಕಾಂಡ 23ರ ಕೊನೆಯ ಎರಡು ವಚನ ಇದೇ ವಿಷಯ. ನೆರೆಯವನ ದ್ರಾಕ್ಷಿ ತೋಟಕ್ಕೆ ಹೋದರೆ ಹೊಟ್ಟೆ ತುಂಬ ತಿನ್ನಬಹುದು, ಪಾತ್ರೆಯಲ್ಲಿ ತುಂಬಿಕೊಳ್ಳಬಾರದು. ಪೈರಿನ ತೆನೆ ಕೈಯಲ್ಲಿ ಮುರಿದುಕೊಳ್ಳಬಹುದು, ಕುಡುಗೋಲು ಹಾಕಬಾರದು. ಯಾಜಕಕಾಂಡ 19ರಲ್ಲಿ ತೋಟದವನಿಗೂ ಆಜ್ಞೆ ಇದೆ. ಅಂಚು ಪೂರ್ತಿ ಕುಯ್ಯಬೇಡ, ಬಿದ್ದದ್ದನ್ನು ಆರಿಸಬೇಡ, ಬಡವರಿಗೂ ಪರದೇಶಿಗೂ ಬಿಡು. ಅಂದರೆ ಬಿದ್ದದ್ದನ್ನು ಪೂರ್ತಿ ಆರಿಸಿಕೊಂಡರೆ ಆ ಆಜ್ಞೆ ಮುರಿಯುವವನು ತೋಟದ ಯಜಮಾನನೇ. ನಿಮ್ಮ ಅಜ್ಜ ಸರಿಯಾಗೇ ನಡೆದಿದ್ದಾರೆ.

ಹಾಗಂತ ರಾತ್ರಿ ಬಂದು ಬಳ್ಳಿಯ ಮೆಣಸು ಕುಯ್ದು ಚೀಲ ತುಂಬುವುದು ಬೇರೆ. ಅದು ಕುಡುಗೋಲು ಹಾಕಿದ ಹಾಗೆ.

ಕುಶಾಲನಗರ ಅಂಗಡಿ:

ನಾನು ಪ್ರವಾಸಿಗಳಿಗೆ ಕಾಫಿಪುಡಿ, ಜೇನು, ಏಲಕ್ಕಿ, ಮೆಣಸು ಮಾರುವವನು. ದಿನಕ್ಕೆ ಇಪ್ಪತ್ತು ಸಲ ಒಂದೇ ಪ್ರಶ್ನೆ ಬರುತ್ತದೆ. "ಇದು ಕಾಡುಜೇನಾ?" ಹೌದು ಅಂದರೆ ಬಾಟಲಿಗೆ ಇನ್ನೂರು ರೂಪಾಯಿ ಜಾಸ್ತಿ. ಪೆಟ್ಟಿಗೆ ಜೇನು ಕೆಟ್ಟದ್ದಲ್ಲ, ನಮ್ಮ ಕೊಡಗಿನದ್ದೇ. ಆದರೆ ಕಾಡುಜೇನಲ್ಲ. ಅಂಗಡಿ ಹಾಕಿದ ಮೊದಲ ವರ್ಷ ನಾನು ಬಾಯಲ್ಲಿ ಹೌದು ಅನ್ನುತ್ತಿರಲಿಲ್ಲ, ಸುಮ್ನೆ ನಗುತ್ತಿದ್ದೆ. ಅವರು ಹೌದು ಅಂದುಕೊಂಡು ಹಣ ಕೊಡುತ್ತಿದ್ದರು. ಸುಳ್ಳು ಹೇಳಲಿಲ್ಲ ಅಂತ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಈಗ ಗೊತ್ತಾಗಿದೆ, ಆ ನಗುವಿನ ಬೆಲೆ ಇನ್ನೂರು ರೂಪಾಯಿ ಇತ್ತು.

ಕಾಫಿಪುಡಿಯೂ ಹಾಗೇ. ಚಿಕೋರಿ ಬೆರೆಸುವುದು ತಪ್ಪಲ್ಲ. ಕಾನೂನು 49 ಪರ್ಸೆಂಟ್ ತನಕ ಬಿಡುತ್ತದೆ, ಎಷ್ಟು ಅಂತ ಪ್ಯಾಕೆಟ್ ಮೇಲೆ ಬರೆಯಬೇಕು. ಬಿಡಿಯಾಗಿ ಪುಡಿ ಮಾಡಿಸುವಾಗ ಪ್ಯಾಕೆಟ್ ಇಲ್ಲ, ಬಾಯಿಮಾತು ಮಾತ್ರ. ಅಲ್ಲೇ ಜಾರುವುದು. ಈಗ ನಾನು ಒಂದು ಬೋರ್ಡು ಬರೆದು ಹಾಕಿದ್ದೇನೆ, ಚಿಕೋರಿ ಇರುವುದು, ಇಲ್ಲದಿರುವುದು, ಪೆಟ್ಟಿಗೆ ಜೇನು, ಬೇರೆ ಬೇರೆ ದರ. ವ್ಯಾಪಾರ ಸ್ವಲ್ಪ ಇಳಿದಿದೆ, ನಿಜ ಹೇಳಬೇಕು.

ಬೇಟೋಳಿ ದಾರಿ:

ಎಲ್ಲರೂ ಹಣದ ಬಗ್ಗೆ ಬರೆಯುತ್ತಿದ್ದೀರಿ. ಹಣ ಎಣಿಸಿ ಕೊಡಬಹುದು. ನನ್ನದು ಎಣಿಸೋಕೆ ಆಗದ್ದು.

2024ರಲ್ಲಿ ರೋಬಸ್ಟಾ ಚೆರಿಯ (ಒಣಗಿಸಿದ ಕಾಫಿ ಹಣ್ಣಿನ) ಐವತ್ತು ಕೆಜಿ ಚೀಲಕ್ಕೆ ಹತ್ತು ಸಾವಿರ ದಾಟಿತಲ್ಲ, ಆ ಮೇಲೆ ಕಣಕ್ಕೆ ಕಾವಲು ಹಾಕುವುದು ಎಲ್ಲ ಕಡೆ ಶುರುವಾಯಿತು. ನಮ್ಮ ಪಕ್ಕದ ಮನೆಯಲ್ಲಿ ಮೂರು ಚೀಲ ಕಾಣಲಿಲ್ಲ ಅಂತ ಒಂದು ಬೆಳಿಗ್ಗೆ ಗಲಾಟೆ. ಒಬ್ಬ ಅಸ್ಸಾಮಿನ ಹುಡುಗ ಹಿಂದಿನ ರಾತ್ರಿ ರಸ್ತೆಯಲ್ಲಿ ಹೋಗುತ್ತಿದ್ದನಂತೆ. ಯಾರೋ ಅವನ ಫೋಟೋ ಹಾಕಿ "ಕಾಫಿ ಕಳ್ಳ, ಎಚ್ಚರ" ಅಂತ ವಾಟ್ಸಾಪಿಗೆ ಬಿಟ್ಟರು. ನಾನು ಅದನ್ನು ನಾಲ್ಕು ಗ್ರೂಪಿಗೆ ಕಳಿಸಿದೆ. ನಮ್ಮ ಚರ್ಚಿನ ಯುವಕರ ಗ್ರೂಪಿಗೂ ಕಳಿಸಿದೆ. ಮಧ್ಯಾಹ್ನದೊಳಗೆ ಹುಡುಗನನ್ನು ಕೆಲಸದಿಂದ ತೆಗೆದರು. ಸಂಜೆ ಬಸ್ಸಿಗೆ ಕಾಯುತ್ತಾ ಚೀಲ ತಬ್ಬಿಕೊಂಡು ನಿಂತಿದ್ದ. ನಾನು ನೋಡಿದೆ.

ಮೂರನೇ ದಿನ ಚೀಲ ಸಿಕ್ಕಿತು. ಮನೆಯವರೇ ಮಳೆ ಮೋಡ ಕಂಡು ಹಿಂದಿನ ಕೊಟ್ಟಿಗೆಗೆ ಹಾಕಿಸಿದ್ದರು. ಹೇಳಲು ಮರೆತಿದ್ದರು.

ಎಂಟನೇ ಕಟ್ಟಳೆಯ ಮಾತು ನೋಡಿ. "ಸುಳ್ಳು ಹೇಳಬೇಡ" ಅಂತ ಅಷ್ಟೇ ಅಲ್ಲ, ನೆರೆಯವನ ಮೇಲೆ ಸುಳ್ಳುಸಾಕ್ಷಿ ಹೇಳಬೇಡ ಅಂತ. ನಾನು ಮಾಡಿದ್ದು ಅಕ್ಷರಕ್ಕೆ ಅಕ್ಷರ ಅದೇ. ನೋಡದೇ ಇದ್ದದ್ದಕ್ಕೆ ನಾಲ್ಕು ಕಡೆ ಸಾಕ್ಷಿ ಹೇಳಿದೆ. ಆ ಹುಡುಗನಿಂದ ಏನು ತೆಗೆದುಕೊಂಡೆ? ಕೆಲಸ, ಸೀಸನ್ನಿನ ಕೂಲಿ, ಹೆಸರು. ಅದೂ ಕಳ್ಳತನವೇ. ಬೈಬಲಿನಲ್ಲಿ ಅಹಾಬ ರಾಜ ಆಸೆಪಟ್ಟ ನಾಬೋತನ ದ್ರಾಕ್ಷಿ ತೋಟ ಹೋದದ್ದೂ ಇಬ್ಬರ ಸುಳ್ಳುಸಾಕ್ಷಿಯಿಂದಲೇ.

ನಮ್ಮ ಹಿರಿಯರು ವಿರಾಜಪೇಟೆಯ ಸಂತ ಅನ್ನಮ್ಮನವರ ಚರ್ಚಿಗೆ ಸೇರಿದವರು. 1792ರ ಚರ್ಚು. ಟಿಪ್ಪುವಿನ ಕಾಲದಲ್ಲಿ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ಕೊಡಗಿನ ದೊರೆ ದೊಡ್ಡ ವೀರರಾಜೇಂದ್ರ ಜಾಗ ಕೊಟ್ಟು ನಿಲ್ಲಿಸಿದ ಅಂತ ಚಿಕ್ಕಂದಿನಿಂದ ಕೇಳಿ ಬೆಳೆದವಳು ನಾನು. ಊರಿಗೆ ಹೊಸಬರಾಗಿ ಬಂದಾಗ ನಮ್ಮವರನ್ನು ಯಾರೋ ನಂಬಿದ್ದರು. ಆ ಹುಡುಗನನ್ನು ನಾನು ಒಂದು ದಿನವೂ ನಂಬಲಿಲ್ಲ.

ಹೆಸರನ್ನು ವಾಪಸ್ ಕೊಡುವುದು ಹೇಗೆ? ಗೊತ್ತಿದ್ದರೆ ಹೇಳಿ.

ವಿರಾಜಪೇಟೆ ಮೇಷ್ಟ್ರು:

ತಂಗಿ, ಎಷ್ಟು ಗ್ರೂಪಿಗೆ ಕಳಿಸಿದಿರೋ ಅಷ್ಟೂ ಗ್ರೂಪಿಗೆ "ನಾನು ಕಳಿಸಿದ್ದು ಸುಳ್ಳು, ಆ ಹುಡುಗ ಕದ್ದಿಲ್ಲ" ಅಂತ ಬರೆಯಬೇಕು. ಫೋಟೋ ಮತ್ತೆ ಹಾಕಬೇಡಿ. "ತಪ್ಪು ಮಾಹಿತಿ ಇತ್ತು" ಅಂತ ತೇಲಿಸಬೇಡಿ. ನಾನು ಅಂತಲೇ ಬರೆಯಿರಿ. ನಿಮ್ಮ ಕಥೋಲಿಕ ಧರ್ಮೋಪದೇಶ ಗ್ರಂಥವೂ ಇದನ್ನೇ ಹೇಳುತ್ತದೆ. ಸತ್ಯಕ್ಕೆ ವಿರುದ್ಧ ಮಾಡಿದ ತಪ್ಪಿಗೆ ಕ್ಷಮೆ ಸಿಕ್ಕ ಮೇಲೂ ಸರಿಪಡಿಸುವ ಹೊಣೆ ಉಳಿಯುತ್ತದೆ ಅಂತ. ನಮ್ಮ ಪ್ರೊಟೆಸ್ಟಂಟರ ಕಡೆ ಸುಧಾರಕ ಲೂಥರ್ 1529ರಲ್ಲಿ ಬರೆದ ಸಣ್ಣ ಪ್ರಶ್ನೋತ್ತರದಲ್ಲಿ ಈ ಆಜ್ಞೆಗೆ ಅರ್ಥ ಹೇಳುವಾಗ, ನೆರೆಯವನ ಪರ ಮಾತಾಡಬೇಕು, ಅವನ ಬಗ್ಗೆ ಒಳ್ಳೆಯದಾಗುವ ಹಾಗೆ ಅರ್ಥ ಮಾಡಬೇಕು ಅನ್ನುತ್ತಾನೆ. ಸುಮ್ಮನಿರುವುದು ಸಾಲದು.

ಆದರೂ ಪೂರ್ತಿ ವಾಪಸ್ ಬರುವುದಿಲ್ಲ. ನಿಮ್ಮ ಹತ್ತಿರ ಸುಳ್ಳು ಹೇಳಲಾರೆ.

ಬೇಟೋಳಿ ದಾರಿ:

ನಾಲ್ಕೂ ಗ್ರೂಪಿಗೆ ಈಗ ಬರೆದು ಬಂದೆ, ಮೇಷ್ಟ್ರೇ. ಒಬ್ಬರು "ಈಗ ಯಾಕೆ ಹಳೇದು" ಅಂದರು. ಇಬ್ಬರು ತಾವೂ ಕಳಿಸಿದ್ದೆವು ಅಂತ ಒಪ್ಪಿಕೊಂಡರು. ಹುಡುಗನನ್ನು ಕೆಲಸಕ್ಕೆ ಕರೆತಂದ ಮೇಸ್ತ್ರಿಯ ನಂಬರ್ ಹುಡುಕುತ್ತಿದ್ದೇನೆ.

ಮಾದಾಪುರ ಹೊಳೆಬದಿ:

ಇದನ್ನು ಯಾರಿಗೂ ಹೇಳಿರಲಿಲ್ಲ. 2018ರ ಆಗಸ್ಟಿನಲ್ಲಿ ನಮ್ಮ ಕಡೆ ಗುಡ್ಡ ಕುಸಿದಾಗ ನಮ್ಮ ಮನೆಗೆ ಏನೂ ಆಗಲಿಲ್ಲ. ದೇವರ ದಯೆ. ಎರಡು ದಿನ ಕರೆಂಟ್ ಇರಲಿಲ್ಲ, ಅಷ್ಟೇ. ಆದರೆ ಪರಿಹಾರದ ಲಾರಿ ಬಂದಾಗ ನಾನೂ ಸಾಲಿನಲ್ಲಿ ನಿಂತೆ. ಎರಡು ಕಂಬಳಿ, ಅಕ್ಕಿ, ಒಂದು ಸೆಟ್ ಪಾತ್ರೆ. "ಮನೆ ಹೋಯ್ತಾ?" ಅಂತ ಕೇಳಿದರು. ತಲೆ ಅಲ್ಲಾಡಿಸಿದೆ. ನನ್ನ ಹಿಂದೆ ನಿಂತಿದ್ದವರ ಮನೆ ನಿಜವಾಗಿ ಹೋಗಿತ್ತು. ಅವರ ಸರದಿ ಬಂದಾಗ ಕಂಬಳಿ ಮುಗಿದಿತ್ತು.

ಆ ಕಂಬಳಿಯನ್ನು ಒಂದು ದಿನವೂ ಹೊದೆದಿಲ್ಲ. ಬೀರುವಿನ ಮೇಲೆ ಇದೆ. ಕೊಟ್ಟವರು ಯಾರು ಅಂತ ಗೊತ್ತಿಲ್ಲ. ಯಾರಿಗೆ ವಾಪಸ್ ಕೊಡಲಿ?

ಚೆಕ್‌ರೋಲ್ ರೈಟರ್:

ಅಣ್ಣಾ, ಹಿಂದೆ ನಿಂತಿದ್ದವರು ಯಾರು ಅಂತ ಗೊತ್ತಲ್ವಾ?

ಮಾದಾಪುರ ಹೊಳೆಬದಿ:

ಗೊತ್ತು. ಈಗ ಬೇರೆ ಕಡೆ ಮನೆ ಕೊಟ್ಟಿದ್ದಾರೆ, ಅಲ್ಲಿದ್ದಾರೆ. ಮದುವೆ ಮುಂಜಿಯಲ್ಲಿ ಸಿಗ್ತಾರೆ. ಮಾತಾಡ್ತೇನೆ. ಪ್ರತಿ ಸಲವೂ ಅವರ ಮುಖ ಸರಿಯಾಗಿ ನೋಡೋಕೆ ಆಗೋದಿಲ್ಲ.

ಚೆಕ್‌ರೋಲ್ ರೈಟರ್:

ಹಾಗಾದರೆ ವಿಳಾಸ ನಿಮ್ಮ ಹತ್ತಿರವೇ ಉಂಟು.

ಗೋಣಿಕೊಪ್ಪದವಳು:

ಮೇಷ್ಟ್ರಿಗೆ ಒಂದು ಪ್ರಶ್ನೆ. ನಮ್ಮ ಹಿಂದಿನ ಲೈನಿನಲ್ಲಿ ಒಬ್ಬ ಕುಡಿದು ಬಂದು ಹೆಂಡತಿಗೆ ಕತ್ತಿ ಎತ್ತಿದ. ಅವಳು ಮಗು ಎತ್ತಿಕೊಂಡು ನಮ್ಮ ಅಡುಗೆಮನೆಗೆ ಓಡಿ ಬಂದಳು. ಅವನು ಬಾಗಿಲಲ್ಲಿ ನಿಂತು ಕೇಳಿದ. "ಇಲ್ಲಿ ಬಂದಿಲ್ಲ" ಅಂದೆ. ಇದೂ ಎಂಟನೇ ಕಟ್ಟಳೆಗೆ ಬರುತ್ತದಾ? ನನಗೆ ಪಶ್ಚಾತ್ತಾಪ ಇಲ್ಲ.

ವಿರಾಜಪೇಟೆ ಮೇಷ್ಟ್ರು:

ಸಂತ ಅಗಸ್ಟೀನ್ ಯಾವ ಸುಳ್ಳೂ ಸರಿಯಲ್ಲ ಅಂತ ಬರೆದವರು. ಅವರ ಮಾತಿಗೆ ಗೌರವ ಇದೆ. ಆದರೆ ವಿಮೋಚನಕಾಂಡದ ಮೊದಲ ಅಧ್ಯಾಯದಲ್ಲೇ ಶಿಪ್ರಾ, ಪೂಗಾ ಅಂತ ಇಬ್ಬರು ಸೂಲಗಿತ್ತಿಯರು ಇದ್ದಾರೆ. ಕೂಸುಗಳನ್ನು ಕೊಲ್ಲಲು ಹೇಳಿದ ಫರೋಹನಿಗೆ, ನಾವು ಹೋಗುವಷ್ಟರಲ್ಲಿ ಹೆರಿಗೆ ಆಗಿಬಿಡುತ್ತದೆ ಅಂತ ಹೇಳಿ ಮಕ್ಕಳನ್ನು ಉಳಿಸಿದರು. ದೇವರು ಅವರಿಗೆ ಒಳ್ಳೆಯದು ಮಾಡಿದ ಅಂತ ಬರೆದಿದೆ. ನೀವು ಬಾಗಿಲಲ್ಲಿ ಹೇಳಿದ್ದು ಯಾರ ಮೇಲೂ ಹೊರಿಸಿದ ಸಾಕ್ಷಿಯಲ್ಲ. ಒಂದು ಜೀವಕ್ಕೆ ಅಡ್ಡ ನಿಂತಿರಿ. ನನ್ನ ಮನಸ್ಸಿಗೆ ಅದು ಸರಿ.

ಆ ಹೆಣ್ಣುಮಗಳು ಈಗ ಹೇಗಿದ್ದಾಳೆ?

ಗೋಣಿಕೊಪ್ಪದವಳು:

ತವರಿನಲ್ಲಿದ್ದಾಳೆ. ಮಗು ಶಾಲೆಗೆ ಹೋಗ್ತಿದೆ.

ಸಿದ್ದಾಪುರ ತೋಟದಮನೆ:

ಕುಯ್ಲು ಮುಗಿಯಿತು. ಏನಾಯ್ತು ಅಂತ ಹೇಳಬೇಕು ಅಲ್ವಾ, ನೀವೆಲ್ಲ ಇಷ್ಟು ಹೊತ್ತು ಕೊಟ್ಟಿದ್ದೀರಿ.

ಮೊದಲು ಮನೆಯವರಿಗೆ ಲೆಕ್ಕ ತೋರಿಸಿದೆ. "ಇದನ್ನು ಬೋನಸ್ ಅಂತ ಕೊಡು, ಕಾರಣ ಹೇಳಬೇಡ" ಅಂದರು. ನನಗೂ ಒಂದು ಕ್ಷಣ ಅದೇ ಸುಲಭ ಅನ್ನಿಸಿತು. ಬೋನಸ್ ಅಂದಿದ್ದರೆ ಅವರು ಕೈಮುಗಿದು ತೆಗೆದುಕೊಳ್ಳುತ್ತಿದ್ದರು. ಅವರ ಹಣ ಅವರಿಗೇ ಕೊಟ್ಟು ನಾನು ಒಳ್ಳೆಯವಳು ಅನ್ನಿಸಿಕೊಳ್ಳುತ್ತಿದ್ದೆ. ರೈಟರ್ ಅಣ್ಣ ಬರೆದ "ಹಾಜರಿ" ನೆನಪಾಯಿತು. ಬೇಡ ಅಂದೆ.

ಸೀಸನ್ ಮುಗಿಯುವ ಎರಡು ದಿನ ಮೊದಲು ಕಣದಲ್ಲಿ ಎಲ್ಲರನ್ನೂ ಕೂರಿಸಿ ಖಾಲಿ ಚೀಲ ತಕ್ಕಡಿಗೆ ಹಾಕಿ ತೋರಿಸಿದೆ. ಕೈಗೆ ಬೆವರು. ನಾಲ್ಕು ವರ್ಷದ ಲೆಕ್ಕ, ಅದಕ್ಕೆ ಐದನೇ ಪಾಲು, ಒಬ್ಬರಿಗೆ 1,080 ಅಂತ ಹೇಳಿದೆ. ಈ ಸಲದ ಮೊದಲ ಎರಡು ವಾರದ್ದೂ ಸೇರಿಸಿದೆ. ಆ ಎರಡು ವಾರ ಗೊತ್ತಿದ್ದೇ ಕಳೆದದ್ದು ಅಂತಲೂ ಹೇಳಿದೆ. ಅಸ್ಸಾಮಿನವರಲ್ಲಿ ಒಬ್ಬ ಹಿಂದಿಯಲ್ಲಿ ಉಳಿದವರಿಗೆ ತಿಳಿಸಿದ. ಯಾರೂ ಏನೂ ಅನ್ನಲಿಲ್ಲ. ಆ ಮೌನವನ್ನು ಸಹಿಸುವುದು ಹಣ ಕೊಡುವುದಕ್ಕಿಂತ ಕಷ್ಟ ಇತ್ತು.

ಅವತ್ತು ಕೇಳಿದ್ದ ಹೆಂಗಸಿನ ಹತ್ತಿರ ಬೇರೆಯಾಗಿ ಮಾತಾಡಿದೆ. "ನೀನು ಕೇಳಿದಾಗ ನಾನು ತೂಗಿರಲಿಲ್ಲ. ಸುಳ್ಳು ಹೇಳಿದೆ" ಅಂದೆ. ಅವಳು, "ನನಗೆ ಗೊತ್ತಿತ್ತು ಅಕ್ಕ. ಅಂಗಡಿಯಲ್ಲಿ ತೂಗಿಸಿ ನೋಡಿದ್ದೆ" ಅಂದಳು. ಎರಡು ವರ್ಷ ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ದಿನಾ ಸಂಜೆ ನನ್ನ ಮುಂದೆ ಚೀಲ ತಂದಿಡುತ್ತಿದ್ದಳು. ನಾನು ಅತ್ತೆ. ಅವಳು ಅಳಲಿಲ್ಲ. ಹಣ ಎಣಿಸಿ ಸೆರಗಿಗೆ ಕಟ್ಟಿಕೊಂಡು ಹೋದಳು.

ಒಬ್ಬನ ಪಾಲು ಉಳಿದಿದೆ. ಅವನು ತಂದೆಗೆ ಹುಷಾರಿಲ್ಲ ಅಂತ ಜನವರಿಯಲ್ಲೇ ಊರಿಗೆ ಹೋದ. ಫೋನ್ ಹೋಗುತ್ತಿಲ್ಲ. ಅವನ ಹಣ ಕವರಿನಲ್ಲಿ ಹಾಕಿ ತೂಕದ ಪುಸ್ತಕದೊಳಗೆ ಇಟ್ಟಿದ್ದೇನೆ.

ಚೆಕ್‌ರೋಲ್ ರೈಟರ್:

ಅಕ್ಕಾ, ಅವನ ಜೊತೆ ಬಂದ ಉಳಿದ ಮೂವರು ಈಗ ಎಲ್ಲಿ?

ಸಿದ್ದಾಪುರ ತೋಟದಮನೆ:

ಸುಂಟಿಕೊಪ್ಪದ ಕಡೆ ಮೆಣಸು ಕುಯ್ಲಿಗೆ ಹೋಗಿದ್ದಾರೆ ಅಂತ ಕೇಳಿದೆ. ಯಾವ ತೋಟ ಅಂತ ಗೊತ್ತಿಲ್ಲ.

ಚೆಕ್‌ರೋಲ್ ರೈಟರ್:

ಆ ಕಡೆ ನನಗೆ ಇಬ್ಬರು ರೈಟರ್‌ಗಳ ಪರಿಚಯ ಇದೆ. ಭಾನುವಾರ ಸಂತೆಗೆ ಬಂದಾಗ ವಿಚಾರಿಸುತ್ತೇನೆ. ಕವರ್ ಅಲ್ಲೇ ಇರಲಿ.